ಹಳದಿ ಬೆಳಕಿನಲ್ಲಿ ಬೀಗರ ಜೋಳ

ನನಗೆ ಅಭಿರುಚಿ ಎಂಬುದೊಂದು ಇದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ವಿಜಯಪುರದಲ್ಲಿ ಮನೆ ಕಟ್ಟಿಸುವಾಗ ಕಿಟಕಿ, ಕಲ್ಲು, ಬಣ್ಣ ಎಲ್ಲವನ್ನೂ ಹೆಂಡತಿ ಮಹಾದೇವಿಯೇ ಆರಿಸಿದಳು. ಕಡೆಗೆ ಉಳಿದದ್ದು ಊಟದ ಕೋಣೆಯ ದೀಪ. "ಅದೊಂದು ನೀವ ತರ್ರಿ" ಎಂದಳು, ಅಳುವ ಮಗುವಿನ ಕೈಗೆ ಲಟ್ಟಣಿಗೆ ಕೊಟ್ಟು ಕೂರಿಸುವ ಧಾಟಿಯಲ್ಲಿ. ನಾನು ಅದನ್ನೇ ರಾಜ್ಯಭಾರ ಎಂದು ತಿಳಿದೆ.

ಅಂಗಡಿಯವನು ಕಂದು ಗಾಜಿನ, ಮೇಜಿನ ಮೇಲೆ ಸರಪಳಿಯಿಂದ ಇಳಿಬಿಡುವ ದೀಪವೊಂದನ್ನು ಹಚ್ಚಿ ತೋರಿಸಿದ. ಒಳಗೆ ಜೇನುತುಪ್ಪದ ಬಣ್ಣದ ಬಲ್ಬು. "ಸರ, ಬಿಳೇ ಲೈಟು ದವಾಖಾನಿಗಿ. ಊಟಕ್ಕ ಹಳದೀನ ಬೇಕ್ರಿ, ಹಸಿವಿ ಹೆಚ್ಚಾಗತೈತಿ" ಎಂದ. ನಮ್ಮ ಕಡೆ ಹಸಿವು ಹೆಚ್ಚಿಸಿಕೊಳ್ಳಲು ಯಾರೂ ದುಡ್ಡು ಖರ್ಚು ಮಾಡಿದ್ದು ನಾನು ಕಂಡಿಲ್ಲ. ಶೇಂಗಾ ಹಿಂಡಿಯ ವಾಸನೆಯೇ ಸಾಕಾಗುತ್ತದೆ. ಆದರೆ ಅಷ್ಟರಲ್ಲಿ ಅಂಗಡಿಯ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಆ ಬೆಳಕಿಗೆ ಕೆನ್ನೆಯ ಗುಳಿಗಳು ತುಂಬಿ, ಬೋಳುತಲೆ ಬಂಗಾರದ ಕಳಸವಾಗಿ, ಯಾವುದೋ ಸಂಸ್ಥಾನದ ಒಡೆಯನಂತೆ ಕಾಣುತ್ತಿದ್ದೆ. ಮರುಮಾತಿಲ್ಲದೆ ದೀಪ ಕಟ್ಟಿಸಿಕೊಂಡು ಬಂದೆ.

"ಎಲ್ಲಾರಿಗೂ ಮದುವಿ ಅರಿಷಿಣ ಹಚ್ಚಿದಂಗ ಕಾಣತೈತಲ್ರಿ" ಎಂದಳು ಮಹಾದೇವಿ. ಮೊಸರು ಮಜ್ಜಿಗೆಸಾರಿನಂತೆ, ಸೌತೆಕಾಯಿ ಮಾವಿನ ಹೋಳಿನಂತೆ ಕಾಣುತ್ತಿದ್ದುದು ನಿಜ. ನಾನು 'ವಾತಾವರಣ' ಎಂಬ ಶಬ್ದವನ್ನು ಊಟಕ್ಕೊಮ್ಮೆ ಬಳಸತೊಡಗಿದೆ.

ಹೀಗಿರುವಾಗ ಒಂದು ಸಂಜೆ ಕಾಖಂಡಕಿಯಿಂದ ಬೀಗರು ಬಂದರು. ಗುರಪ್ಪನವರು, ನಮ್ಮ ಮಗಳ ಮಾವ. ತಮ್ಮ ಎರೆಹೊಲದ ಬಿಳಿಜೋಳದ ಬಗ್ಗೆ ಅವರು ಮಾತಾಡಿದರೆ ಮೊಮ್ಮಕ್ಕಳ ಬಗ್ಗೆ ಮಾತಾಡಿದ ಹಾಗಿರುತ್ತದೆ. ಪ್ರತಿವರ್ಷ ರಾಶಿಯಾದ ಕೂಡಲೇ ಒಂದು ಚೀಲ ನಮ್ಮ ಮನೆಗೆ ಬರುತ್ತದೆ. ಅವರು ಕೈ ತೊಳೆದು ಕೂರುವವರೆಗೂ ನಾನು ದೀಪದ ಗುಣಗಾನ ಮಾಡಿದೆ. ಮಹಾದೇವಿ ಬಿಸಿ ರೊಟ್ಟಿ ತಂದು ಹಾಕಿದಳು. ಬೀಗರು ಅದನ್ನೆತ್ತಿ, ತಿರುಗಿಸಿ, ಅಂಚು ಮುರಿದು ನೋಡಿದರು.

"ಅಕ್ಕಾರ, ಈ ಜ್ವಾಳ ಎಲ್ಲಿಂದ ತರಿಸೀರಿ? ಮಳಿಗಿ ಸಿಕ್ಕ ಜ್ವಾಳ ಐತ್ರಿ ಇದು. ಬಣ್ಣಾನ ಹೋಗೇತಿ."

ಅದು ಅವರದೇ ಚೀಲದ ಜೋಳ. ಹಾಗೆಂದರೆ ಅವರ ಹೊಲಕ್ಕೆ ಅವಮಾನ. ದೀಪದ ತಪ್ಪು ಎಂದರೆ ಅಷ್ಟು ಹೊತ್ತು ಹೊಗಳಿದ ನನಗೆ ಅವಮಾನ. ಮಹಾದೇವಿ ಬಾಯಿ ತೆರೆಯುವ ಮೊದಲೇ ನಾನು, "ನೀವು ಕಳಿಸಿದ್ದು ತೀರಿತ್ತರಿ, ಇದು ಪ್ಯಾಟ್ಯಾಗ ತಂದದ್ದು" ಎಂದುಬಿಟ್ಟೆ.

"ಮೋಸ ಹೋಗೀರಿ ಬೀಗರ" ಎಂದು ಅವರು ಮರುಗಿ, ಕಷ್ಟಪಟ್ಟು ಒಂದೇ ರೊಟ್ಟಿ ತಿಂದರು.

ಮರುದಿನ ಮಗಳ ಫೋನು. "ಯವ್ವಾ, ಮಾವಾರಿಗಿ ಎಂಥಾ ರೊಟ್ಟಿ ನೀಡಿದಿ? ಮನಿ ಕಟ್ಟಿಸಿ ಬೀಗರು ಸೋತಾರ ಅಂತ ಭಾಳ ನೊಂದ್ಕೊಂಡಾರ." ಮಹಾದೇವಿ ಫೋನು ಕೆಳಗಿಟ್ಟಳು. ಬಬಲೇಶ್ವರದ ತವರಿನಲ್ಲಿ ಇವತ್ತಿಗೂ ಅವಳ ರೊಟ್ಟಿಯ ಮಾತು ತೆಗೆಯುವವರಿದ್ದಾರೆ. "ನನ್ನ ರೊಟ್ಟಿಕಿಂತ ನಿಮಗ ನಿಮ್ಮ ದೀಪ ಹೆಚ್ಚಾತಲ್ರಿ" ಎಂದಳು. ದನಿ ಏರಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಏರಿಸಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅಂದೇ ದೀಪ ಅಟ್ಟ ಸೇರಿತು, ಅದರ ಜಾಗಕ್ಕೆ ದವಾಖಾನೆಯ ಟ್ಯೂಬ್‌ಲೈಟು ಬಂತು. ಅತ್ತ ಬೀಗರು ಕನಿಕರದಿಂದ ಇನ್ನೊಂದು ಚೀಲ ಜೋಳವನ್ನು ಜೀಪಿಗೆ ಹಾಕಿ ಕಳಿಸಿದರು.

ಮುಂದೆ ಕೆಲವು ದಿನಕ್ಕೆ ತಾವೂ ಬಂದರು. ಹೊಸ ಚೀಲದ ಬಾಯಿ ಇನ್ನೂ ಬಿಚ್ಚಿರಲಿಲ್ಲ. ತಟ್ಟೆಗೆ ಬಿದ್ದದ್ದು ಹಳೆಯ ಚೀಲದ ರೊಟ್ಟಿಯೇ. ಟ್ಯೂಬ್‌ಲೈಟಿನ ಕೆಳಗೆ ಅದು ಮಲ್ಲಿಗೆಯಷ್ಟು ಬೆಳ್ಳಗಿತ್ತು. ಬೀಗರ ಮುಖ ಅರಳಿತು.

"ನೋಡ್ರಿ, ಇದಕ್ಕ ಜ್ವಾಳ ಅಂತಾರ! ಅವತ್ತಿಂದು ಏನಿತ್ತದು? ಅಕ್ಕಾರ ಕೈಗುಣಾನೂ ಮುಚ್ಚಿಹಾಕಿತ್ತು."

"ಇವರು ಹಂಗರಿ" ಎಂದಳು ಮಹಾದೇವಿ, ಮತ್ತೊಂದು ರೊಟ್ಟಿ ಹಾಕುತ್ತ. "ಅಂಗಡ್ಯಾಗ ಚೆಂದ ಕಂಡದ್ದು ಮನ್ಯಾಗೂ ಚೆಂದ ಕಾಣತೈತಿ ಅಂತ ತರ್ತಾರ."

ಬೀಗರು ನನ್ನ ಕಡೆ ತಿರುಗಿ, "ಇನ್ನ ಮ್ಯಾಲೆ ಪ್ಯಾಟಿಗಿ ಹೋಗಮುಂದ ಅಕ್ಕಾರನ್ನ ಕರಕೊಂಡ ಹೋಗ್ರಿ. ನಿಮ್ಮನ್ನ ನೋಡಿದ ಕೂಡ್ಲೆ ಮೋಸ ಮಾಡ್ತಾರ" ಎಂದು ಬುದ್ಧಿ ಹೇಳಿದರು.

ನಾನು ತಲೆಯಾಡಿಸಿದೆ. ಈ ಪ್ರಕರಣದಲ್ಲಿ ನಾನು ಸುಳ್ಳಿಲ್ಲದೆ ಒಪ್ಪಿಕೊಂಡದ್ದು ಅದೊಂದನ್ನೇ. ಮೋಸ ಹೋಗಿದ್ದೆ, ಪೇಟೆಯಲ್ಲೇ ಹೋಗಿದ್ದೆ; ಮೋಸ ಮಾಡಿದವನು ಮಾತ್ರ ಅಂಗಡಿಯ ಕನ್ನಡಿಯೊಳಗಿದ್ದ.