ಎಲಿ ಹಡದ ಹೆಣ್ಮಕ್ಕಳು

ನಗೂವಂಥಾವು ಎಲ್ಲಿದ್ರೂ ನನ್ನ ಮನಿ ವಿಳಾಸ ಕೇಳ್ಕೋತ ಬರ್ತಾವು. ಅಳೂ ಹೊತ್ತಿನ್ಯಾಗೂ ಬರ್ತಾವು, ಏನ್ ಮಾಡ್ಲಿ? ಹೈದರಾಬಾದಿನ್ಯಾಗ ಈಗ ಗಾಜಿನ ಕಂಪನಿ ಎದ್ದಾವಲ್ಲ, ಅವುಗಳ ಬುಡದ ಬಂಡೆ ಒಡದಾಂವ ನಾನು. ಕಂಪ್ಯೂಟರ್‌ನವ್ರು ಆಮ್ಯಾಲ ಬಂದ್ರು. ಮದ್ಲ ಬಂದಾಂವ ನಾನು, ನನ್ನ ಸುತ್ತಿಗಿ, ನನ್ನ ಮದ್ದು.

ಬಂಡೆ ಮ್ಯಾಲಿನ ಕೂಸು

ಮದ್ದು ತುಂಬಿ, ಕೆಂಪು ಬಾವುಟ ಹಿಡಿದು, ಸೀಟಿ ಊದಾಕತ್ತೀನಿ. ನೋಡ್ತೀನಿ, ನನ್ನ ಹೆಂಡ್ತಿ ಬಂಡೆ ಮ್ಯಾಲ!

"ಲೇ, ಇಳಿ ಕೆಳಗ!"

"ತಡೀರಿ, ಇಲ್ಲಿ ಕೂಸುಗಳು ಅದಾವ!"

ಸೂಪರ್‌ವೈಜರಗೆ ತಿಳೀಲಿ ಅಂತ "ಬಚ್ಚೇ ಹೈ, ಬಚ್ಚೇ!" ಅಂತ ಮತ್ತ ಕೂಗಿದ್ಲು. ಅಂವ ಕೆಲಸ ನಿಂದ್ರಿಸಿದ. ಎಲ್ಲಾರೂ ಓಡಿ ಹತ್ತಿದ್ರು. ಇಕಿ ಸೆರಗಿನ್ಯಾಗ ಒಂದು ಎಲಿ ತೋರಿಸಿದ್ಲು. ಕಾಡುಬಸಳಿ. ತೆಲುಗಿನವ್ರು ರಣಪಾಲ ಅಂತಾರ. ದಪ್ಪನ ಎಲಿ. ಮಣ್ಣಿಲ್ದ, ನೀರಿಲ್ದ ಬರೇ ಕಲ್ಲಿನ ಮ್ಯಾಲ ಬಿದ್ರೂ ಅಂಚಿನ ಸುತ್ತ ಸಣ್ಣ ಸಣ್ಣ ಸಸಿ ಹಡೀತೈತಿ.

"ಒಂದು ಎಲಿಗೆ ಎಷ್ಟು ಮಕ್ಕಳ ನೋಡ್ರಿ," ಅಂದ್ಲು. ನಮಗ ಒಂದೂ ಇರ್ಲಿಲ್ಲ.

ಸೂಪರ್‌ವೈಜರ ಹಣಿ ಹಣಿ ಬಡ್ಕೊಂಡ. ಆದ್ರ ಅವತ್ತಿಂದ ಮದ್ದು ಇಡೂ ಮದ್ಲ ತಾನಽ ಕೇಳ್ತಿದ್ದ, "ಭಾಭಿ, ಎಲ್ಲಾ ಬಚ್ಚೆ ಇಳದ್ವೇನು?"

ಬೀಗರು

ಸಸಿ ಎಲ್ಲಾ ಎಣ್ಣಿ ಡಬ್ಬಿಯೊಳಗ ಹಚ್ಚಿ ಬೆಳಸಿದ್ಲು. ಯಾರರೆ ಕೇಳಿದ್ರ ಹಂಗ ಕೊಡ್ತಿರ್ಲಿಲ್ಲ. ಅರಿಷಿಣ ಕುಂಕುಮ ಹಚ್ಚಿ, ಒಂದು ಹಿಡಿ ಅಕ್ಕಿ ಉಡಿ ತುಂಬಿ, ಮಗಳ್ನ ಕೊಟ್ಟಂಗ ಕೊಡ್ತಿದ್ಲು. ಒಯ್ದಾವ್ರು ನಮಗ ಬೀಗರು.

ಚಾದಂಗಡಿಯಾಂವ ಒಂದು ಒಯ್ದ. ಎಂಟು ದಿನ ಬಿಟ್ಟು ನೋಡಾಕ ಹೋದ್ರ, ಡಬ್ಬಿಯೊಳಗ ಚಾದ ಚರಟ! ಇಕಿ ರಸ್ತಾದಾಗ ನಿಂತು ತನಗ ಬಂದ ತೆಲುಗಿನ್ಯಾಗ ಜಗಳ ತಗದ್ಲು: ನನ್ನ ಮಗಳಿಗೆ ಎಂಜಲಾ ಹಾಕ್ತೀಯೇನು, ಬಿಸಲಾಗ ನಿಂದ್ರಸ್ತೀಯೇನು, ಇದಕ್ಕೇನು ನಿನಗ ಕೊಟ್ಟಿದ್ದು?

ಮಂದಿ ಕೂಡ್ತು. ಅಂವ ನಡುಗಿ ಎರಡೂ ಕೈ ಮುಗದ. "ಅಮ್ಮಾ, ನನಗಿನ್ನೂ ಮದುವಿನ ಆಗಿಲ್ಲ!"

ಅದನ್ನ ಕೇಳಿ ಮಂದಿ ಅವನ ಅಂಗಿ ಹಿಡೀತು.

ಗೇಟಿನ್ಯಾಗ

ಕಲಬುರಗಿ ಕಡಿ ಒಬ್ಬಾಕಿ ಇಂಜಿನಿಯರ್ ಹುಡುಗಿ ಒಂದು ಸಸಿ ಒಯ್ದು ಆಫೀಸಿನ್ಯಾಗ ಇಟ್ಟಿದ್ಲು. ನನ್ನ ಹೆಂಡ್ತಿ ಆ ಸಸಿ ನೋಡಬೇಕು ಅಂತ ಹಟ ಹಿಡದ್ಲು. ಆ ಕಂಪನಿ ಬುಡಾನೂ ನಾನ ಒಡದದ್ದು, ಯಾರು ತಡೀತಾರ ಅಂತ ಕರ್ಕೊಂಡು ಹೋದೆ. ಗಾರ್ಡ್ ತಡದ.

"ಯಾರ್ನ ನೋಡಬೇಕು?"

"ಮಗಳ್ನ," ಅಂದ್ಲು ಇಕಿ.

"ಎಲ್ಲಿ ಕುಂದರ್ತಾಳ?"

"ನಾಕನೇ ಮಾಳಗಿ, ಕಿಡಕಿ ಬಾಜೂಕ."

"ಏನ್ ಕೆಲಸ?"

"ಕೆಲಸಿಲ್ಲಪ್ಪ. ದಿನಾ ಎಸಿ ಒಳಗ ಸುಮ್ಮ ಕುಂತಿರ್ತಾಳ. ಉಳದಾವ್ರು ಬಂದು ನೀರು ಕೊಡ್ತಾರ."

ಗಾರ್ಡ್ ಎದ್ದು ನಿಂತು ಸಲಾಂ ಹೊಡದು, ತನ್ನ ಕುರ್ಚಿ ಕೊಟ್ಟ.

ಉಳದಾಕಿ

ಹೆಣ್ಮಕ್ಕಳೆಲ್ಲಾ ಬೀಗರ ಮನಿಗೆ ಹೋದ್ರು, ಒಬ್ಬಾಕಿ ಉಳದ್ಲು. ಬಂಡೆ ಸೀಳಿನ್ಯಾಗ ಸಿಕ್ಕಾಕಿ. ಅದಽ ಕುಲ, ಆದ್ರ ಎಲಿ ಬೆರಳಿನಂಗ ಸೀಳಿರ್ತಾವು, ಹಳದಿ ಹೂವು. ಎಲಿ ಮಾತ್ರ ಹಡಿಯಂಗಿಲ್ಲ.

ಅಷ್ಟೊತ್ತಿಗೆ ಕಲ್ಲಿನ ಧೂಳು ನನ್ನ ಹೆಂಡ್ತಿ ಎದಿಯೊಳಗ ಕುಂತಿತ್ತು. ನಾಕು ಹೆಜ್ಜಿ ನಡದ್ರ ಉಬ್ಬಸ. ಬಂದಾವ್ರೆಲ್ಲಾ ಡಬ್ಬಿ ತಿರುಗಿಸಿ ತಿರುಗಿಸಿ ನೋಡೂದು, "ಇದು ಮರಿ ಹಾಕ್ತೈತೇನು?" ಅಂತ ಕೇಳೂದು. ಇಲ್ಲ ಅಂದ್ರ ಎದ್ದು ಹೋಗೂದು. ಇಕಿ ಗ್ವಾಡಿ ಕಡೆ ಮಾರಿ ಮಾಡಿ ಮಲಗೂದು. ಹಿಂದ ನಮ್ಮವ್ವ ಇಕಿ ಎದುರಿಗೇ "ಇನ್ನೊಂದು ಮಾಡ್ಕೋ" ಅಂದಾಗ ನಾ ಸುತ್ತಿಗಿ ಎತ್ತಿ ನೆಲಕ್ಕ ಬಡದಿದ್ದೆ, ಮನಿ ಅದುರಿತ್ತು. ಈ ಮಂದಿಗೆ ಎಷ್ಟಂತ ಬಡೀಲಿ?

"ಮರಿ ಹಾಕ್ತಾಳೇನು ಅಂತ ಕೇಳಲಾರದಾಂವಗ ಇಕಿನ್ನ ಕೊಡ್ರಿ," ಅಂದ್ಲು. "ಅಂಥಾಂವ ಸಿಗೂತನಾ ಬ್ಯಾಡ."

ದವಾಖಾನಿಗೆ ಹೊಂಟಾಗೂ ಡಬ್ಬಿ ಬಿಡ್ಲಿಲ್ಲ. ನರ್ಸ್ ತಡದ್ಲು, "ಪೇಷಂಟ್ ಜೋಡಿ ಒಬ್ರ ಇರಬೇಕು."

ಇಕಿ ಡಬ್ಬಿ ತಬ್ಕೊಂಡು ನನ್ನ ಕಡೆ ನೋಡಿದ್ಲು. "ಹಂಗಾರ ನೀವ ಹೊರಗ ಕುಂದರ್ರಿ."

ಕುಂತೆ. ಡಬ್ಬಿ ಒಂದ ಹೊರಗ ಬಂತು.

ಮನಿಅಳಿಯ

ಆಮ್ಯಾಲೂ ಮಂದಿ ಬಂದ್ರು, ಮರಿ ಮಾತಽ ಕೇಳಿದ್ರು, ಬೈದು ಕಳಿಸಿದೆ. ಒಂದಿನ ರಾಯಚೂರ ಕಡಿ ಹುಡುಗ ಬಂದ, ಕೊಳ್ಳಾಗ ಕಂಪನಿ ಪಟ್ಟಿ.

"ಸಂಬಳ ಎಷ್ಟಲೇ?" ಅಂದೆ. ಹೇಳಿದ.

"ಕುಡೀತೀಯೇನು?"

"ಶನಿವಾರ ಒಂದೀಟು ಬಿಯರ್ ರೀ."

ಸುಳ್ಳು ಹೇಳ್ಲಿಲ್ಲ, ಬಿಡ್ರಿ. ಡಬ್ಬಿ ತಂದಿಟ್ಟು, ಅದನ್ನ ಯಾವಾಗ ಕೇಳ್ತಾನು ಅಂತ ಮಾರಿ ನೋಡ್ಕೋತ ಕುಂತೆ. ಅಂವ ಬೆರಳಿಲೆ ಎಲಿ ಮುಟ್ಟಿದ. "ಇದಕ್ಕ ನೀರು ಎಷ್ಟು ಹಾಕಬೇಕ್ರಿ ಅಜ್ಜಾರ?"

ಅಷ್ಟ ಕೇಳಿದ. ಒಳಗ ಹೋಗಿ ಅರಿಷಿಣ ಕುಂಕುಮ ಹುಡುಕಿದೆ. ಅಕಿ ಎಲ್ಲಿ ಇಟ್ಟಿದ್ಲೋ, ಸಿಗವಲ್ವು. ಅಕ್ಕಿ ಅಷ್ಟ ತಂದೆ.

ಅಂವ ಅಂದ, "ಅಜ್ಜಾರ, ನಾ ಇರೂದು ಹಾಸ್ಟೆಲ್‌ನ್ಯಾಗ, ಬಿಸಲು ಬರಂಗಿಲ್ಲ. ಇಲ್ಲೇ ಇರ್ಲಿ, ಐತವಾರಕ್ಕೊಮ್ಮೆ ನಾನ ಬಂದು ನೋಡ್ಕೊಂಡು ಹೋಗ್ತೀನಿ."

"ಅಂದ್ರ ಮನಿಅಳಿಯ ಆಗ್ತೀಯೇನಲೇ?"

"ಊಟ ಹಾಕ್ತೀರೇನ್ರಿ?"

ಈಗ ಐತವಾರ ತಪ್ಪಂಗಿಲ್ಲ. ಅಕಿಗೆ ನೀರು ಹಾಕ್ತಾನ, ನಾ ಬಡದ ರೊಟ್ಟಿ ತಿಂತಾನ. ಮೊನ್ನೆ ಒಂದು ತುತ್ತು ಇಟ್ಕೊಂಡು ಮಾರಿ ಕಿವುಚಿದ. "ಮಾವಾರ, ಬದ್ನಿಕಾಯಿಗೆ ಉಪ್ಪು ಕಮ್ಮಿ ಆಗೈತ್ರಿ."

ಗುಡ್ಡ ಒಡದಾಂವ ನಾನು. ಸೂಪರ್‌ವೈಜರ್‌ಗೂ ತಲಿ ಬಗ್ಗಿಸಿದಾಂವಲ್ಲ. ಆದ್ರ ಏನ್ ಮಾಡ್ತೀರಿ, ಹೆಣ್ಣಿನ ಕಡಿಯಾಂವ! ತಪ್ಪಾತ್ರಿ ಅಂತ ಎದ್ದು ಉಪ್ಪು ತಂದು ಬಡಿಸಿದೆ.