ಹಾಲು ಕೊಡುತ್ತಾ, ಕೊಂಬಿದೆಯಾ?

ಪಾಠ ಹೇಳುವ ಕೆಲಸದಲ್ಲಿರುವವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಒಂದಾದರೂ ತಾನಾಗಿಯೇ ನಡೆದುಹೋಗಿರುತ್ತದೆ. ನನ್ನ ಪಾಲಿಗೆ ಬಂದವುಗಳಲ್ಲಿ ಬಹಳಷ್ಟು ಒಂದೇ ಒಂದು ಆಟದಿಂದ ಬಂದವು. ಐವತ್ತರ ದಶಕದಲ್ಲಿ ಟ್ರೈನಿಂಗ್ ಮುಗಿಸುವಾಗ ಕಲಿತ ಆಟ. ಒಬ್ಬರು ಮನಸ್ಸಿನಲ್ಲಿ ಒಂದು ಪ್ರಾಣಿ ಇಟ್ಟುಕೊಳ್ಳಬೇಕು, ಉಳಿದವರು ಪ್ರಶ್ನೆ ಕೇಳಿ ಅದು ಯಾವುದೆಂದು ಕಂಡುಹಿಡಿಯಬೇಕು. ಉತ್ತರ ಹೌದು ಅಥವಾ ಇಲ್ಲ, ಎರಡೇ. ಇದರಿಂದ ಮಕ್ಕಳ ಬುದ್ಧಿ ಚುರುಕಾಗುತ್ತದೆ ಎಂದು ಹೇಳಿಕೊಟ್ಟಿದ್ದರು. ಮಕ್ಕಳದು ಚುರುಕಾಯಿತು. ಚಿಕ್ಕಬಳ್ಳಾಪುರದ ಸುತ್ತ ಯಾವ ಊರಿಗೆ ವರ್ಗವಾದರೂ ನನ್ನ ಟ್ರಂಕಿನ ಜೊತೆ ಈ ಆಟವೂ ಬಂತು.

ಮನೆಯೊಳಗಿನ ಪ್ರಾಣಿ

ನನ್ನ ಮೊದಲ ಶಾಲೆ ಜಂಗಮಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ನಾನು ಪಟ್ಟಣದಲ್ಲಿ ಬೆಳೆದವಳು, ಆ ಸೀಮೆಯ ಬದುಕು ಇನ್ನೂ ಗೊತ್ತಿರಲಿಲ್ಲ. ಮೂರನೇ ತರಗತಿಯ ಒಬ್ಬಳು ಹುಡುಗಿ ಮನಸ್ಸಿನಲ್ಲಿ ಪ್ರಾಣಿ ಇಟ್ಟುಕೊಂಡಳು. ಈ ಸಲ ಟೀಚರಮ್ಮನೇ ಕೇಳಲಿ ಎಂದು ಮಕ್ಕಳು ಹಟ ಹಿಡಿದವು.

"ಕಾಡಿನಲ್ಲಿರುತ್ತಾ?"

"ಇಲ್ಲ."

"ಮನೇಲಿರುತ್ತಾ?"

"ಹೌದು."

ನಾಯಿ ಅಲ್ಲ, ಬೆಕ್ಕು ಅಲ್ಲ, ಹಸು ಅಲ್ಲ, ಕೋಳಿಯೂ ಅಲ್ಲ.

"ನಿಮ್ಮ ಜೊತೇಲೇ ಮನೆಯೊಳಗೆ ಇರುತ್ತಾ?"

"ಇಲ್ಲ ಟೀಚರಮ್ಮ. ಅದು ಬಂದಾಗ ನಾವು ಆಚೆ ಜಗಲಿ ಮೇಲೆ ಮಲಗ್ತೀವಿ."

ನನಗೆ ಸ್ವಲ್ಪ ಗಾಬರಿಯಾಯಿತು. "ಅದನ್ನ ಕಂಡ್ರೆ ಮನೇಲಿ ಎಲ್ರಿಗೂ ಭಯಾನಾ?"

"ಹೌದು. ಅದು ಇದ್ದಾಗ ಅಮ್ಮ ಒಗ್ಗರಣೆ ಹಾಕೋ ಹಾಗಿಲ್ಲ. ಅಪ್ಪ ಬೀಡಿ ಸೇದೋ ಹಾಗಿಲ್ಲ."

"ಕಚ್ಚುತ್ತಾ?"

"ಇಲ್ಲ."

"ನಿನಗಿಂತ ದೊಡ್ಡದಾ?"

ಅವಳು ಕಿರುಬೆರಳು ತೋರಿಸಿದಳು. ನಾನು ಸೋತೆ ಎಂದೆ. ಇಡೀ ತರಗತಿ ನನ್ನ ಮೇಲೆ ಕನಿಕರಪಟ್ಟು ಒಂದೇ ದನಿಯಲ್ಲಿ ಕೂಗಿತು: "ರೇಷ್ಮೆ ಹುಳ!"

ಸಂಜೆ ಆ ಹುಡುಗಿಯ ಮನೆ ಕಡೆ ಹೋದೆ. ಅಪ್ಪ, ಅಮ್ಮ, ಅಜ್ಜಿ, ಪಾತ್ರೆ ಪಡಗ, ಹಾಸಿಗೆ ಎಲ್ಲವೂ ಜಗಲಿಯ ಮೇಲಿದ್ದವು. ಹೊಗೆ, ಘಾಟು ತಾಗದ ಹಾಗೆ ಒಳಗೆ ನಡುಮನೆಯ ತುಂಬ ಹುಳದ ತಟ್ಟೆಗಳು. ಹಿಪ್ಪುನೇರಳೆ ಸೊಪ್ಪಿನ ಮೇಲೆ ಹುಳಗಳು ಮೇಯುವ ಸದ್ದು ಹೊರಗೆ ಕೇಳುತ್ತಿತ್ತು. ಅಪ್ಪ ಎದ್ದು ನಿಂತು ಬಹಳ ಸಂಕೋಚದಿಂದ ಹೇಳಿದ:

"ಒಳಗೆ ಕರೀತಿದ್ದೆ ಟೀಚರಮ್ಮ. ಅವರ ಊಟ ಇನ್ನೂ ಮುಗಿದಿಲ್ಲ."

ಇನ್ಸ್‌ಪೆಕ್ಟರ ಪ್ರಾಣಿ

ಅಲ್ಲಿಂದ ಗೌರಿಬಿದನೂರು ಕಡೆಯ ಹಳ್ಳಿಗೆ ವರ್ಗವಾಯಿತು. ಶಾಲೆ ಕೆರೆ ಏರಿಯ ಪಕ್ಕದಲ್ಲೇ ಇತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದು ಆಗಬೇಕಾದರೆ ಸ್ಕೂಲ್ ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ಮೆಚ್ಚಬೇಕಿತ್ತು. ಅವರು ಎತ್ತಿನ ಗಾಡಿಯಲ್ಲಿ ಬಂದಿಳಿದರು. ಹೊಸ ರೀತಿಯ ಬೋಧನೆ ಏನಾದರೂ ಇದ್ದರೆ ತೋರಿಸಿ ಎಂದರು. ನಾನು ಆಟ ತೋರಿಸಿದೆ. ಅವರಿಗೆ ಎಷ್ಟು ಹಿಡಿಸಿತೆಂದರೆ, "ನಾನೇ ಒಂದು ಪ್ರಾಣಿ ಇಟ್ಕೋತೀನಿ, ಕೇಳ್ರಪ್ಪ" ಎಂದು ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು.

"ನೀರಲ್ಲಿರುತ್ತಾ ಸಾರ್?"

"ಹೌದು."

"ಮೀನಾ?"

ಇನ್ಸ್‌ಪೆಕ್ಟರು ನನ್ನ ಕಡೆ ನೋಡಿ ಜಾಣತನದ ನಗೆ ನಕ್ಕರು. "ಅಲ್ಲ!"

"ದಪ್ಪಗಿದೆಯಾ?"

"ಹೌದು, ಬಹಳ."

"ಕಪ್ಪಗಿದೆಯಾ?"

"ಹೌದು."

"ಕರುಗೆ ಹಾಲು ಕೊಡುತ್ತಾ?"

ಇಂಥ ಪ್ರಶ್ನೆ ಅವರು ನಿರೀಕ್ಷಿಸಿರಲಿಲ್ಲ. "ಭೇಷ್! ಮರಿಗೆ ಹಾಲು ಕೊಡುತ್ತೆ. ಹೌದು!"

"ಎಮ್ಮೆ!" ಎಂದು ಇಡೀ ಶಾಲೆ ಕೂಗಿತು.

"ಅಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಒಬ್ಬ ಎದ್ದು ನಿಂತು, "ಯಾಕಲ್ಲ ಸಾರ್?" ಎಂದು ಕೇಳಿದ. ಅದು ತಿಮಿಂಗಿಲ ಎಂದು ಇನ್ಸ್‌ಪೆಕ್ಟರು ಹೇಳಿದರು. ಅದು ಸಮುದ್ರದಲ್ಲಿರುತ್ತದೆ, ಮೀನಿನ ಹಾಗೆ ಕಂಡರೂ ಮೀನಲ್ಲ, ನೀರಿನಿಂದ ಮೇಲೆ ಬಂದು ಉಸಿರಾಡುತ್ತದೆ ಎಂದು ವಿವರಿಸಿದರು. ಒಬ್ಬೊಬ್ಬ ಹುಡುಗನೂ "ನಮ್ಮೆಮ್ಮೇನೂ ಹಂಗೇ ಮಾಡುತ್ತೆ ಸಾರ್" ಎಂದ. ಹೆಡ್‌ಮಾಸ್ಟರಿಗೆ ಬೆವರು ಬಂತು. ಅವರು ಮಕ್ಕಳನ್ನು ಗದರಿಸಿ, ಸಾಹೇಬರು ಯಾವುದನ್ನು ಹೇಳುತ್ತಾರೋ ಅದೇ ತಿಮಿಂಗಿಲ ಎಂದು ತೀರ್ಮಾನ ಕೊಟ್ಟರು.

ಅಂತೂ ಪಾಠ ಚೆನ್ನಾಗಿದೆ ಎಂದು ಇನ್ಸ್‌ಪೆಕ್ಟರು ಒಪ್ಪಿದರು, ನನಗೆ ಜೀವ ಬಂತು. ಅವರು ಹೊರಡುವಾಗ ಮಕ್ಕಳು ಸಾಲಾಗಿ ನಿಂತು ಕೈಮುಗಿದವು. ಗಾಡಿ ಹತ್ತು ಮಾರು ಹೋಗಿ ನಿಂತುಬಿಟ್ಟಿತು. ಊರಿನ ಎಮ್ಮೆಗಳೆಲ್ಲ ಕೆರೆಯಿಂದ ಮೇಲೆದ್ದು, ಮೈಯಿಂದ ನೀರು ಸುರಿಸುತ್ತ ದಾರಿಗೆ ಅಡ್ಡ ಬಂದಿದ್ದವು. ಸಾಲಿನಲ್ಲಿದ್ದ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಕೂಗಿ ಹೇಳಿದಳು:

"ಸ್ವಲ್ಪ ತಡೀರಿ ಸಾರ್, ತಿಮಿಂಗಿಲ ದಾಟ್ಕೊಳ್ಳಲಿ."

ಆವು

ಚಿಂತಾಮಣಿಯಲ್ಲಿದ್ದಾಗ ನಡೆದದ್ದು. ಅಲ್ಲಿ ಅರ್ಧ ಮಕ್ಕಳ ಮನೆಮಾತು ಕನ್ನಡ, ಅರ್ಧ ತೆಲುಗು. ಕನ್ನಡದ ಮಕ್ಕಳಲ್ಲೂ ಬಹಳ ಜನಕ್ಕೆ ಹಕಾರ ನಾಲಿಗೆಗೆ ಬರುತ್ತಿರಲಿಲ್ಲ. ಹಾವಿಗೆ ಅವರು ಆವು ಎನ್ನುತ್ತಿದ್ದರು. ತೆಲುಗಿನಲ್ಲಿ ಆವು ಎಂದರೆ ಹಸು.

ಗಡಿಯಾಚೆಯಿಂದ ಹೊಸದಾಗಿ ಬಂದು ಸೇರಿದ್ದ ತೆಲುಗು ಮನೆಯ ಹುಡುಗನ ಸರದಿ ಬಂತು. ನಾಲ್ಕು ಕಾಲಿದೆ ಎಂದ, ಹಾಲು ಕೊಡುತ್ತೆ ಎಂದ. ಹಸುನಾ ಎಂದು ಕೇಳಿದರೆ ಇಲ್ಲ ಎಂದ, ಏಕೆಂದರೆ ಹಸು ಎಂಬ ಮಾತು ಅವನಿಗೆ ಗೊತ್ತಿರಲಿಲ್ಲ. ಎಮ್ಮೆ, ಮೇಕೆ, ಕುರಿ ಎಲ್ಲ ಆಯಿತು. ಕೊನೆಗೆ ಎಲ್ಲರೂ ಸೋತರು. ಅವನು ಎದೆ ಉಬ್ಬಿಸಿ ಹೇಳಿದ: "ಆವು!"

ತರಗತಿ ಅವನ ಮೇಲೆ ಮುಗಿಬಿತ್ತು. "ಆವಿಗೆ ಎಲ್ಲೋ ನಾಲ್ಕು ಕಾಲು?" "ಆವಿನ ಆಲು ಯಾರೋ ಕರೀತಾರೆ?" ಅವನಿಗೆ ಅಳು ಬಂತು. "ಮಾ ಇಂಟ್ಲೋ ಆವು ಉಂದಿ!" ಎಂದು ಚೀರಿದ. ಅವರ ಮನೇಲಿ ಆವು ಇದೆಯಂತೆ, ಆವು ಇದೆಯಂತೆ ಎಂದು ಎಲ್ಲರೂ ಬೊಬ್ಬೆ ಹಾಕಿದರು. ನಾನು ಬಾಯಿ ತೆಗೆದು ಬಿಡಿಸಿ ಹೇಳುವಷ್ಟರಲ್ಲಿ ಪಕ್ಕದ ಕೋಣೆಯ ಮಕ್ಕಳು ಬೆಂಚು ಹತ್ತಿ ನಿಂತದ್ದಾಗಿತ್ತು. ಹೆಡ್‌ಮಾಸ್ಟರು ಪಂಚೆ ಎತ್ತಿಕಟ್ಟಿ, ದೊಡ್ಡದೊಂದು ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯಾರೂ ಅಲ್ಲಾಡಬೇಡಿ! ಎಲ್ಲಿದೆ ಹಾವು?"

ಮುಂದಿನ ಬೆಂಚಿನ ಹುಡುಗಿ ಎದ್ದು, ಕೈಕಟ್ಟಿ, ಅಳುತ್ತಿದ್ದವನನ್ನು ತೋರಿಸಿ ಹೇಳಿದಳು:

"ಇವನ ಮನಸ್ಸಿನಲ್ಲಿ ಸಾರ್."

ದನದ ಡಾಕ್ಟರು

ಚಿಕ್ಕಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸರ್ಕಾರಿ ದನದ ಡಾಕ್ಟರೊಬ್ಬರಿದ್ದರು. ಒಂದು ಭಾನುವಾರ ಜಗಲಿಯಲ್ಲಿ ಆಟ ನಡೆಯುತ್ತಿದ್ದಾಗ ಅವರನ್ನೂ ಸೇರಿಸಿಕೊಂಡೆವು. ಪ್ರಾಣಿಗಳ ವಿಷಯದಲ್ಲಿ ಇವರನ್ನು ಸೋಲಿಸುವುದುಂಟೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನಾನು ಒಂಟೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

"ಮೇವು ತಿಂತಾ ಇದೆಯಾ?" ಎಂದರು ಡಾಕ್ಟರು. ಹೌದು ಎಂದೆ. "ಮೆಲುಕು ಹಾಕುತ್ತಾ?" ಹೌದು. "ಮೈ ಬಿಸಿ ಇದೆಯಾ?" ಇಲ್ಲ. "ಮೂಗಲ್ಲಿ ನೀರು?" ಇಲ್ಲ. "ಹೊಟ್ಟೆ ಉಬ್ಬರ?" ಇಲ್ಲ. ಹೀಗೆಯೇ ಬಾಲದವರೆಗೂ ವಿಚಾರಿಸಿ, ಕೈ ಒರೆಸಿಕೊಂಡು ಎದ್ದರು.

"ಯಾವ ಪ್ರಾಣಿ ಅಂತ ತಿಳೀಲಿಲ್ಲ. ಆದರೆ ಅದಕ್ಕೇನೂ ಆಗಿಲ್ಲ, ಗಾಬರಿ ಬೇಡ."

ಮೊದಲಿಂದ ಕೇಳಿ

ಕೊನೆಯದು ಚಿಕ್ಕ ರೈಲಿನಲ್ಲಿ ನಡೆದದ್ದು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಹೋಗುತ್ತಿದ್ದ ನ್ಯಾರೋಗೇಜ್ ಗಾಡಿ. ಅದರಲ್ಲಿ ಕೂತವರಿಗೆ ಹೊತ್ತು ಹೋಗುವುದೇ ಕಷ್ಟ. ನಾನೂ ನಮ್ಮ ಶಾಲೆಯ ಲೆಕ್ಕದ ಟೀಚರೂ ಆಟ ಶುರುಮಾಡಿದೆವು. ನೋಡುತ್ತ ನೋಡುತ್ತ ಡಬ್ಬಿಯ ಜನವೆಲ್ಲ ಸೇರಿಕೊಂಡರು. ಎದುರಿಗೆ ಕೂತಿದ್ದ ಪೇಟದ ಯಜಮಾನರೊಬ್ಬರು ಮಾತ್ರ ತಲೆಯ ಮೇಲೆ ಕೈಹೊತ್ತು ಸುಮ್ಮನೆ ಕೇಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮುಂದಕ್ಕೆ ಬಾಗಿ, "ನನ್ನ ಮನಸ್ಸಲ್ಲೂ ಒಂದೈತೆ. ಕೇಳ್ರಮ್ಮ" ಎಂದರು.

"ಸಾಕಿದ್ದಾ?"

"ಹೌದು."

"ಹಾಲು ಕೊಡುತ್ತಾ?"

"ಇಲ್ಲ."

"ಕೊಂಬಿದೆಯಾ?"

"ಹೌದು. ಎಡಗಡೇದು ಸ್ವಲ್ಪ ಸೊಟ್ಟ."

"ಉಳುತ್ತಾ?"

"ಅದರಂಗೆ ಇನ್ಯಾವುದೂ ಉಳಲ್ಲ."

"ಎತ್ತು!" ಎಂದೆವು. ಡಬ್ಬಿಯೆಲ್ಲ ಚಪ್ಪಾಳೆ ತಟ್ಟಿತು. ಯಜಮಾನರು ಮಾತ್ರ ನಗಲಿಲ್ಲ. ನಮ್ಮಿಬ್ಬರ ಮುಖವನ್ನೇ ಆಸೆಯಿಂದ ನೋಡಿದರು.

"ಹೌದು. ಎಲ್ಲೈತೆ?"

"ಏನು ಎಲ್ಲಿದೆ?"

"ನನ್ನ ಎತ್ತು. ಹಗ್ಗ ಕಿತ್ಕೊಂಡು ಹೋಗೈತೆ. ಸುತ್ತಿನ ಊರೆಲ್ಲಾ ಹುಡುಕಿ ಬರ್ತಾ ಇವ್ನಿ. ಇಷ್ಟೊಂದು ವಿಚಾರಿಸ್ತೀರಲ್ಲ, ಎಲ್ಲೋ ನೋಡಿರ್ತೀರಿ ಅಂದ್ಕೊಂಡೆ."

ಚಪ್ಪಾಳೆ ನಿಂತಿತು. ಅವರು ಅದನ್ನು ಕರುವಿನಿಂದ ಸಾಕಿದ್ದರಂತೆ. ಅದು ಹೋದ ಮೇಲೆ ಜೊತೆ ಎತ್ತು ಮೇವು ಮುಟ್ಟುತ್ತಿಲ್ಲವಂತೆ. ಎಲ್ಲರೂ ಅಯ್ಯೋ ಪಾಪ ಎಂದರು. ಆಗ ಮೂಲೆಯಲ್ಲಿ ಕೂತಿದ್ದ ದೊಡ್ಡ ಮೀಸೆಯವರೊಬ್ಬರು ನಶ್ಯದ ಡಬ್ಬಿ ಮುಚ್ಚಿ ಕೇಳಿದರು:

"ಬಿಳೀದಾ?"

"ಹೌದು."

"ಬಲಗಿವಿ ಸೀಳೈತಾ?"

"ಹೌದು!" ಯಜಮಾನರು ಎದ್ದು ನಿಂತರು.

"ಕೊರಳಲ್ಲಿ ಒಡಕು ಗಂಟೆ?"

"ಹೌದು ಸ್ವಾಮಿ, ಹೌದು!"

"ಹಂಗಾದ್ರೆ ನಮ್ಮ ಹೊಲಕ್ಕೆ ನುಗ್ಗಿ ರಾಗಿ ಪೈರೆಲ್ಲಾ ಮೇದಿದ್ದು ನಿಮ್ಮದೇ."

ಯಜಮಾನರು ಕೂತುಕೊಂಡರು. "ಅಲ್ಲ."

"ಏನಲ್ಲ? ಬಲಗಿವಿ ಸೀಳೈತೆ ಅಂದ್ರಲ್ಲ ಈಗ?"

"ಅದು ಆಟಕ್ಕೆ ಹೇಳಿದ್ದು."

ಮೀಸೆಯವರು ಜಗಳಕ್ಕೆ ಹೋಗಲಿಲ್ಲ. "ಸರಿ ಬಿಡಿ. ನಮ್ಮ ಕೊಟ್ಟಿಗೇಲಿ ಕಟ್ಟಿಹಾಕಿರೋದು ಯಾರದೂ ಅಲ್ಲ ಅಂತಾಯ್ತು. ನಾನೇ ಇಟ್ಕೋತೀನಿ" ಎಂದು ಮತ್ತೆ ನಶ್ಯದ ಡಬ್ಬಿ ತೆಗೆದರು.

ಯಜಮಾನರು ಕಿಟಕಿಯಾಚೆ ನೋಡುತ್ತ ಕೂತರು. ಶಿಡ್ಲಘಟ್ಟ ಹತ್ತಿರ ಬಂದಾಗ ಮೀಸೆಯವರು ತಮ್ಮ ಚೀಲ ಎತ್ತಿಕೊಂಡರು. ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಟೀಚರಮ್ಮ, ಇನ್ನೊಂದು ಸಾರಿ ಆಡಣ. ಮೊದಲಿಂದ ಕೇಳಿ."

ನಾನು ಕೇಳಿದೆ. ಬಿಳೀದಾ? ಹೌದು. ಕೊಂಬು ಸೊಟ್ಟಾನಾ? ಹೌದು. ಕಿವಿ ಸೀಳಿದೆಯಾ? ಹೌದು. ಕೊನೆಯ ಪ್ರಶ್ನೆಯನ್ನು ಮೀಸೆಯವರೇ ಕೇಳಿದರು.

"ಕಂಡವರ ಪೈರು ಮೇಯುತ್ತಾ? ಹೌದು ಅಂದ್ರೆ ನನ್ನ ಜೊತೆ ಇಳೀರಿ, ನಮ್ಮ ಹೊಲ ಉತ್ತುಕೊಟ್ಟು ನಿಮ್ಮ ಎತ್ತು ಹೊಡ್ಕೊಂಡು ಹೋಗಿ. ಇಲ್ಲ ಅಂದ್ರೆ ಇಲ್ಲೇ ಕೂತಿರಿ."

ಯಜಮಾನರು ಸಹಾಯಕ್ಕಾಗಿ ಲೆಕ್ಕದ ಟೀಚರ ಮುಖ ನೋಡಿದರು. "ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು" ಎಂದರು ಅವರು, ತರಗತಿಯಲ್ಲಿ ಹೇಳುವ ಹಾಗೆ.

ರೈಲು ನಿಂತಿತು. ಮೀಸೆಯವರು ಇಳಿದರು. ಯಜಮಾನರು ಗಂಟು ಕಂಕುಳಲ್ಲಿಟ್ಟುಕೊಂಡು ಅವರ ಹಿಂದೆಯೇ ದಡಬಡನೆ ಇಳಿದರು. ಪ್ಲಾಟ್‌ಫಾರಂ ಮೇಲೆ ನಿಂತು, ಪೇಟ ಸರಿಮಾಡಿಕೊಂಡು, ನಮಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟರು:

"ಹಸಿವಾದಾಗ ಹೌದು. ಮಿಕ್ಕ ಹೊತ್ತಲ್ಲಿ ಬಹಳ ಮರ್ಯಾದಸ್ಥ."