ನಾಲ್ಕು ಲಕ್ಷ ಮಂದಿಯ ಮುಂದೆ ಸುಮ್ಮನೆ ಕೂತವನ ಅಹವಾಲು

ಮಾನ್ಯರೇ,

ಜಾಲತಾಣದ ಒಳಗೆಲ್ಲೋ ಕಣ್ಣಿಗೆ ಕಾಣದಂತೆ ಕುಳಿತು, ಯಾರ ವಿಡಿಯೊ ಯಾರಿಗೆ ಕಾಣಿಸಬೇಕೆಂದು ಗಳಿಗೆಗಳಿಗೆಗೂ ತೀರ್ಪು ಕೊಡುವ ಅಲ್ಗಾರಿದಮ್ ಎಂಬ ಮಹನೀಯರಾದ ತಮಗೆ, ಮುರಿದ ಕುರ್ಚಿಗಳನ್ನು ರಿಪೇರಿ ಮಾಡಿ ಬೆತ್ತ ಹೆಣೆದುಕೊಡುವ ಈ ಬಡಪಾಯಿಯು ಕೂತಲ್ಲಿಂದಲೇ ಮಾಡುವ ನಮಸ್ಕಾರಗಳು. ಎದ್ದು ನಿಂತು ಮಾಡಬೇಕಿತ್ತು, ನಿಜ. ಏಳಲು ತಾವು ಬಿಡುತ್ತಿಲ್ಲವೆಂಬುದೇ ನನ್ನ ದೂರು.

ವ್ಯಾಪಾರ ಬೆಳೆಯಬೇಕಾದರೆ ಜಾಲತಾಣದಲ್ಲಿ ಪುಟ ತೆರೆಯಬೇಕೆಂದು ನನ್ನ ತಲೆ ತಿಂದವನು ನನ್ನ ಹೆಂಡತಿಯ ತಮ್ಮ. ಫೋನ್ ಕವರ್ ಮಾರುವ ಅವನಿಗೆ ನನ್ನ ಅಂಗಡಿಯ ಮೇಲೆ ಮೊದಲಿನಿಂದಲೂ ಒಂದು ಕಣ್ಣು. "ಮೂರು ತಿಂಗಳಲ್ಲಿ ಪುಟ ನೋಡಿ ಒಂದಾದ್ರೂ ಮುರಿದ ಕುರ್ಚಿ ಬರದಿದ್ರೆ ಅಂಗಡಿ ನನಗೆ ಬಿಟ್ಟುಕೊಡಿ ಭಾವ" ಎಂದು ಪಂದ್ಯ ಕಟ್ಟಿದ. ಮೀಸೆ ಮಣ್ಣಾಗಬಾರದೆಂದು ನಾನೂ ಹೂಂ ಎಂದುಬಿಟ್ಟೆ. ಗಿರಾಕಿಗಳಿಲ್ಲದ ಕಾರಣ ಮನೆಯ ಹಳೆಯ ಕುರ್ಚಿಯೊಂದನ್ನೇ ಬಿಚ್ಚಿ, ಹೆಣೆದು, ಮತ್ತೆ ಬಿಚ್ಚಿ, ಬೆವರು ಸುರಿಸಿ ಇಪ್ಪತ್ತೆರಡು ವಿಡಿಯೊ ಮಾಡಿ ತಮ್ಮ ಪಾದಕ್ಕೆ ಅರ್ಪಿಸಿದೆ. ತಾವು ದೊಡ್ಡ ಮನಸ್ಸು ಮಾಡಿ ಹನ್ನೊಂದು ಮಂದಿಗೆ ತೋರಿಸಿದಿರಿ. ಅವರಲ್ಲಿ ಒಂಬತ್ತು ಮಂದಿ ನಮ್ಮ ನೆಂಟರು.

ಆಮೇಲೆ ಆದದ್ದು ನನ್ನದೇ ಎಡವಟ್ಟು. ನಮ್ಮ ಕಸುಬಿನಲ್ಲೊಂದು ಕಟ್ಟಳೆಯಿದೆ: ಹೆಣೆದವನೇ ಮೊದಲು ಒಂದು ಗಂಟೆ ಅಲುಗಾಡದೆ ಕೂತು, ಬೆತ್ತ ಜಗ್ಗಲಿಲ್ಲ, ಕೀಲು ಕಿರುಗುಟ್ಟಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹಾಗೆ ಕೂತಾಗ ನೇರಪ್ರಸಾರ ನಿಲ್ಲಿಸಲು ಮರೆತೆ. ಜೊಂಪು ಹತ್ತಿತು, ಮೂಗಿನ ಮೇಲೊಂದು ನೊಣ ಕೂತಿತು, ನಾನು ಕಣ್ಣು ಬಿಡದೆಯೇ ಅದಕ್ಕೆ "ನೀನೂ ಕೂತು ನೋಡು, ಗಟ್ಟಿಯಾಗಿದೆ" ಎಂದೆನಂತೆ. ತಮಗೆ ಅದೆಂಥ ಆನಂದವಾಯಿತೋ, ಅಬ್ಬಬ್ಬಾ, ನಾಲ್ಕು ಲಕ್ಷ ಮಂದಿಗೆ ತೋರಿಸಿಬಿಟ್ಟಿರಿ! "ಮದುವೆಯಾದಾಗಿಂದ ಇವರು ಸುಮ್ನೆ ಕೂತಿರೋದನ್ನ ನೋಡ್ತಾನೇ ಇದೀನಿ, ಇದರಲ್ಲಿ ಇಷ್ಟು ಸ್ವಾರಸ್ಯ ಇದೆ ಅಂತ ನನಗೆ ಹೊಳೀಲೇ ಇಲ್ಲ" ಎಂದು ನನ್ನಾಕೆ ಇಂದಿಗೂ ಆಶ್ಚರ್ಯಪಡುತ್ತಾಳೆ.

ಈಗ ಅಂಗಡಿ ಮುಂದೆ ಜನವೋ ಜನ, ಮುರಿದ ಕುರ್ಚಿ ತಂದವರು ಮಾತ್ರ ಒಬ್ಬರೂ ಇಲ್ಲ. ಎಲ್ಲರಿಗೂ ನಾನು ಅದೇ ಕುರ್ಚಿಯಲ್ಲಿ ಕೂತಿರಬೇಕು. ಉಳಿ ಕೈಗೆತ್ತಿಕೊಂಡರೆ ಸಾಕು, "ಅಯ್ಯೋ ಅಂಕಲ್, ಯಾಕೆ ಎದ್ರಿ?" ಎಂದು ಗೋಳಾಡುತ್ತಾರೆ. ಅಭಿಮಾನಿಗಳು ಏಳು ಹೊಸ ಕುರ್ಚಿ ಕಳಿಸಿದ್ದಾರೆ, ಅದರಲ್ಲೊಂದು ಕಬ್ಬಿಣದ್ದು, ಜನ್ಮದಲ್ಲಿ ಮುರಿಯುವುದಿಲ್ಲವೆಂಬ ಚೀಟಿ ಸಮೇತ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಕೆಲಸ ಬಲ್ಲ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುವುದು ನನಗೆ ನಾಚಿಕೆ, ಮಾನ್ಯರೇ.

ಆದ್ದರಿಂದ ಪ್ರಾರ್ಥನೆ ಇಷ್ಟೇ. ತಮ್ಮಂಥ ಸರ್ವಶಕ್ತರಿಗೆ ಆ ನಾಲ್ಕು ಲಕ್ಷ ಮಂದಿಯಲ್ಲಿ ಒಬ್ಬರ ಕಾಲು ಮುರಿಸುವುದು ದೊಡ್ಡದಲ್ಲ. ಕುರ್ಚಿಯ ಕಾಲು, ಅವರದಲ್ಲ. ಅದಾಗದಿದ್ದರೆ, ಕೂತಲ್ಲಿ ಕೂರದ ಮಕ್ಕಳಿರುವ ಮನೆಗಳಿಗಷ್ಟೇ ನನ್ನನ್ನು ತೋರಿಸಿ. ಅದೂ ಆಗದಿದ್ದರೆ ನನ್ನನ್ನು ಇಬ್ಬರನ್ನಾಗಿ ಮಾಡಿ, ಒಬ್ಬ ಕೂರಲಿ, ಒಬ್ಬ ದುಡಿಯಲಿ. ಗಡುವು ನಾಳೆ ಸಂಜೆಗೆ ಮುಗಿಯುತ್ತದೆ, ಭಾವಮೈದ ಟೇಪು ಹಿಡಿದು ಆಗಲೇ ಗೋಡೆ ಅಳೆಯುತ್ತಿದ್ದಾನೆ.

ಏಳುವ ಆಸೆಯಲ್ಲಿ ಕೂತಿರುವ,
ತಮ್ಮ ವಿಶ್ವಾಸಿ,
ಬೆತ್ತದ ಕುರ್ಚಿಯವನು

ತಾ.ಕ.: ಸಹಿ ಹಾಕುತ್ತಿದ್ದಂತೆಯೇ ಕುರ್ಚಿಯ ಹಿಂಗಾಲು ಮುರಿದು ನೇರಪ್ರಸಾರದಲ್ಲೇ ದೊಪ್ಪನೆ ಬಿದ್ದೆ. ಬೆತ್ತ ಮಾತ್ರ ಒಂದೆಳೆಯೂ ಜಗ್ಗಿಲ್ಲ, ದಯವಿಟ್ಟು ಗಮನಿಸಿ. ತಾವು ಸಂಭ್ರಮದಿಂದ ಒಂಬತ್ತು ಲಕ್ಷ ಮಂದಿಗೆ ತೋರಿಸಿದಿರಿ. "ನಿಮ್ಮ ಕುರ್ಚಿ ಲೆಕ್ಕಕ್ಕಿಲ್ಲ ಭಾವ" ಎಂದು ಭಾವಮೈದ ನಕ್ಕ. ಆಗ ನನ್ನಾಕೆ ಮುರಿದ ಕಾಲನ್ನು ಎತ್ತಿ ನನ್ನ ಕೈಗಿಟ್ಟು, "ಇದು ನಮ್ಮಪ್ಪ ನನಗೆ ಕೊಟ್ಟ ಕುರ್ಚಿ. ನಿಮ್ಮ ಪುಟ ನೋಡಿಯೇ ಬಂದಿದೀನಿ. ರಿಪೇರಿ ಮಾಡಿ ಯಾವಾಗ ಕೊಡ್ತೀರಿ?" ಎಂದಳು. ಈಗ ಕೆಲಸ ನಡೆದಿದೆ. ನೋಡುತ್ತಿರುವವರು ಎಂದಿನಂತೆ ಹನ್ನೊಂದು ಮಂದಿ. ತಾವು ಕಷ್ಟಪಟ್ಟು ಹನ್ನೆರಡನೆಯವರನ್ನು ಕಳಿಸುವುದು ಬೇಡ, ಗಿರಾಕಿ ಪಕ್ಕದಲ್ಲೇ ಕೂತಿದ್ದಾಳೆ.